ಮಂಡೆಬಿಸಿಗೂ ಮಳೆಗೆ ಮೊದಲೇ ಮದ್ದು ಬಿಡಬೇಕು

ಅಡಿಕೆಗೆ ಕೊಳೆರೋಗದ ಮದ್ದು ಬಿಡುವುದು, ಅಂದರೆ ಸಿಂಪಡಿಸುವುದು, ಯಾವಾಗ? ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, ಮಳೆ ಹಿಡಿಯುವ ಮೊದಲು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಜೂನ್ ಮಳೆಗೆ ಮೊದಲು ಒಂದು ಸಲ, ಮತ್ತೆ 40-45 ದಿನ ಕಳೆದು ಸ್ವಲ್ಪ ಬಿಸಿಲು ಕಂಡಾಗ ಇನ್ನೊಂದು ಸಲ. ಧೋ ಅಂತ ಮಳೆ ಸುರಿಯುವಾಗ, ನಳ್ಳಿ, ಅಂದರೆ ಎಳೆ ಅಡಿಕೆ, ಉದುರಲು ಶುರುವಾದ ಮೇಲೆ ಓಡಾಡಿದರೆ ಮದ್ದು ಗೊನೆಗೆ ಹಿಡಿಯುವುದೇ ಇಲ್ಲ.

ತೋಟದ ವಿಷಯದಲ್ಲಿ ಇಷ್ಟು ಸರಿಯಾಗಿ ಗೊತ್ತಿರುವ ನಾವು ಮನಸ್ಸಿನ ವಿಷಯದಲ್ಲಿ ಪೂರ್ತಿ ಉಲ್ಟಾ. ಎಲ್ಲ ಉದುರಿ ಬಿದ್ದ ಮೇಲೆ "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅನ್ನುತ್ತೇವೆ. ಹೇಗೆ ಗಟ್ಟಿ ಮಾಡುವುದು ಅಂತ ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಟೆನ್ಷನ್ ಅನ್ನಿ, ಒತ್ತಡ ಅನ್ನಿ, ನಮ್ಮ ಕಡೆಯ ಮಾತಲ್ಲಿ ಮಂಡೆಬಿಸಿ. ಅದು ಬರುವ ಮೊದಲು ಏನು ಮಾಡಿಡಬೇಕು, ಬಂದ ಹೊತ್ತಿಗೆ ಏನು ಮಾಡಬೇಕು, ಯಾವಾಗ ನಮ್ಮ ಕೈಯಲ್ಲಿ ಆಗುವುದಿಲ್ಲ ಅಂತ ಒಪ್ಪಿಕೊಂಡು ಡಾಕ್ಟರ ಹತ್ತಿರ ಹೋಗಬೇಕು, ಇಷ್ಟೇ ವಿಷಯ.

ನನ್ನ ಕಥೆ ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ, ಆಟಿ ತಿಂಗಳು, ಜುಲೈ-ಆಗಸ್ಟಿನ ಜೋರು ಮಳೆಗಾಲ. ಆ ವರ್ಷ ಮದ್ದು ಬಿಡುವವರು ಸಿಗದೆ ಎರಡನೇ ಸಲದ ಮದ್ದು ತಡವಾಯಿತು. ಕೊಳೆರೋಗ ಬಂದು ತೋಟದ ತುಂಬ ಹಸಿ ನಳ್ಳಿ, ನಡೆದರೆ ಕಾಲಡಿ ಉರುಳುವಷ್ಟು. ಅದೇ ವಾರ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಮಂಗಳೂರಲ್ಲಿ. ದಿನಾ ತಲಪಾಡಿ ಗಡಿ ದಾಟಿ ಹೋಗುವುದು, ಬರುವುದು, ರಾತ್ರಿ ಲೆಕ್ಕ ಹಾಕುವುದು. ಒಂದು ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಎದೆ ಬಿಗಿಯಾಗಿತ್ತು, ಬೆರಳ ತುದಿಯೆಲ್ಲ ಜೋಮು ಹಿಡಿದಿತ್ತು, ಬೆವರು. ಇನ್ನು ಮುಗಿಯಿತು ಅಂದುಕೊಂಡೆ. ಹೆಂಡತಿ ಪಕ್ಕದ ಮನೆಯವರನ್ನು ಎಬ್ಬಿಸಿ ಜೀಪು ತರಿಸಿದಳು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ಸರಿಯಾಗಿಯೇ ಇತ್ತು. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ನನ್ನ ಪಕ್ಕ ಸ್ಟೂಲ್ ಎಳೆದು ಕೂತು ಒಂದೇ ಪ್ರಶ್ನೆ ಕೇಳಿದರು. "ಸರಿಯಾಗಿ ನಿದ್ದೆ ಬಾರದೆ ಎಷ್ಟು ದಿನ ಆಯ್ತು?" ನಾನು ಉತ್ತರ ಕೊಡಲು ಹೋದವನು ಅತ್ತುಬಿಟ್ಟೆ.

ಇಲ್ಲಿ ಒಂದು ಮಾತು ಖಂಡಿತ ನೆನಪಿಡಿ. ಎದೆನೋವು ಬಂದರೆ ಇದು ಬರೀ ಟೆನ್ಷನ್ ಅಂತ ನೀವೇ ತೀರ್ಮಾನ ಮಾಡಬೇಡಿ. ಮೊದಲು ಆಸ್ಪತ್ರೆ. ಹೃದಯಕ್ಕೆ ಏನೂ ಆಗಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಉಳಿದದ್ದು.

ಮೈಯೊಳಗೆ ಏನಾಗುತ್ತದೆ

ತೋಟದಲ್ಲಿ ನಡೆಯುವಾಗ ಒಣ ಸೋಗೆಯ ಅಡಿಯಿಂದ ಹಾವು ಸರಿದರೆ ನೀವು ಯೋಚನೆ ಮಾಡಿ ಹಾರುವುದಿಲ್ಲ, ಹಾರಿದ ಮೇಲೆ ಯೋಚನೆ ಮಾಡುತ್ತೀರಿ, ಅಲ್ವಾ? ಅಡ್ರಿನಲಿನ್ ಅನ್ನುವ ಹಾರ್ಮೋನು ಕ್ಷಣದಲ್ಲಿ ರಕ್ತಕ್ಕೆ ಸೇರಿ ಎದೆ ಬಡಿತ ಜೋರಾಗುತ್ತದೆ, ಉಸಿರು ವೇಗವಾಗುತ್ತದೆ, ಕಾಲಿನ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಅದರ ಹಿಂದೆ ಕಾರ್ಟಿಸಾಲ್ ಬರುತ್ತದೆ, ಇನ್ನೂ ಸ್ವಲ್ಪ ಹೊತ್ತು ಶಕ್ತಿ ಒದಗಿಸಲು. ಹಾವು ಹೋಯಿತು, ಹತ್ತಿಪ್ಪತ್ತು ನಿಮಿಷದಲ್ಲಿ ಮೈ ತಣ್ಣಗಾಯಿತು. ಇದು ರೋಗ ಅಲ್ಲ, ನಮ್ಮನ್ನು ಉಳಿಸಿದ ವ್ಯವಸ್ಥೆ.

ಆದರೆ ಸಾಲ ಹಾವಿನ ಹಾಗೆ ಸರಿದು ಹೋಗುವುದಿಲ್ಲ. ಮಗಳ ಕಾಲೇಜು ಸೀಟು, ಗಲ್ಫಿನಲ್ಲಿರುವ ಮಗನ ಕೆಲಸ, ಕೋರ್ಟಿನಲ್ಲಿರುವ ಜಾಗದ ತಕರಾರು, ಇವೆಲ್ಲ ಬೆಳಿಗ್ಗೆ ಎದ್ದಾಗಲೂ ಅಲ್ಲೇ ಇರುತ್ತವೆ. ಮೈ ಮಾತ್ರ ಹಾವು ಇನ್ನೂ ಕಾಲಡಿ ಇದೆ ಅಂತಲೇ ಇರುತ್ತದೆ. ನಿದ್ದೆ ಹೋಗುತ್ತದೆ, ಹೊಟ್ಟೆ ಕೆಡುತ್ತದೆ, ಸಣ್ಣ ಮಾತಿಗೆ ಮಕ್ಕಳ ಮೇಲೆ ರೇಗುತ್ತೇವೆ. ಆ ರಾತ್ರಿ ನನ್ನ ಬೆರಳು ಜೋಮು ಹಿಡಿದದ್ದು ಯಾಕೆ ಅಂತ ಡಾಕ್ಟರು ಆಮೇಲೆ ಹೇಳಿದರು. ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗಿ ಹಾಗೆ ಆಗುತ್ತದಂತೆ. ಇಷ್ಟು ಗೊತ್ತಾದದ್ದೇ ನನಗೆ ಅರ್ಧ ಸಮಾಧಾನ. ಮುಂದಿನ ಸಲ ಜೋಮು ಹಿಡಿದಾಗ ಸಾಯುತ್ತೇನೆ ಅನ್ನುವ ಹೆದರಿಕೆ ಇರಲಿಲ್ಲ.

ಉಸಿರು: ಬಿಡುವುದು ಉದ್ದ ಇರಲಿ

ಮಂಡೆಬಿಸಿ ಏರಿದ ಆ ಹೊತ್ತಿಗೆ ಕೈಗೆ ಸಿಗುವುದು ಉಸಿರು ಒಂದೇ. ಹೃದಯಕ್ಕೆ ನಿಧಾನ ಬಡಿ ಅಂದರೆ ಕೇಳುವುದಿಲ್ಲ, ಉಸಿರು ಕೇಳುತ್ತದೆ. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ. ಹೀಗೆ ಮಾಡಿದರೆ ನಿಮಿಷಕ್ಕೆ ಸುಮಾರು 6 ಉಸಿರು. ಹೊರಗೆ ಬಿಡುವ ಉಸಿರು ಉದ್ದವಾದಾಗ ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರ ಕೆಲಸ ಮಾಡಿ ಬಡಿತ ಇಳಿಯುತ್ತದೆ. 5 ನಿಮಿಷ ಸಾಕು. ಎದೆ ಉಬ್ಬಿಸುವುದು ಬೇಡ, ಹೊಟ್ಟೆಯ ಮೇಲೆ ಕೈ ಇಟ್ಟು ಕೈ ಏರಿಳಿಯುವುದನ್ನು ನೋಡಿ.

ಇದನ್ನು ಗಾಬರಿ ಬಂದ ದಿನ ಕಲಿಯಲು ಹೊರಟರೆ ಆಗುವುದಿಲ್ಲ. ಮಳೆಯಲ್ಲಿ ಮದ್ದು ಬಿಟ್ಟ ಹಾಗೆಯೇ ಅದು. ಏನೂ ತಲೆಬಿಸಿ ಇಲ್ಲದ ದಿನ, ಬಸ್ಸಿಗೆ ಕಾಯುವಾಗ, ಹಾಲು ಉಕ್ಕಲು ಕಾಯುವಾಗ, ದಿನಾ ಮಾಡಿ. ಎರಡು ಮೂರು ವಾರದಲ್ಲಿ ಮೈಗೆ ಅಭ್ಯಾಸ ಆಗುತ್ತದೆ. ಆಮೇಲೆ ಬೇಕಾದ ದಿನ ಅದು ತಾನಾಗಿ ಬರುತ್ತದೆ.

ಕೆಲವರಿಗೆ ಉಸಿರಿನ ಕಡೆ ಗಮನ ಕೊಟ್ಟರೆ ಗಾಬರಿ ಜಾಸ್ತಿಯೇ ಆಗುತ್ತದೆ. ಅಂಥವರು ಮೈ ಬಿಗಿದು ಬಿಡುವುದನ್ನು ಮಾಡಬಹುದು. ಮುಷ್ಟಿ ಗಟ್ಟಿ ಹಿಡಿದು 5 ಎಣಿಸಿ ಬಿಡಿ, ಭುಜ ಕಿವಿಯವರೆಗೆ ಏರಿಸಿ ಬಿಡಿ, ಹಾಗೆಯೇ ಪಾದದವರೆಗೆ. ಎಡ್ಮಂಡ್ ಜೇಕಬ್ಸನ್ ಅನ್ನುವ ಅಮೆರಿಕದ ವೈದ್ಯರು ನೂರು ವರ್ಷದ ಹಿಂದೆಯೇ ಬೆಳೆಸಿದ ವಿಧಾನ ಇದು, ಈಗಲೂ ಆಸ್ಪತ್ರೆಗಳಲ್ಲಿ ಹೇಳಿಕೊಡುತ್ತಾರೆ. ಇನ್ನೂ ಸುಲಭ ಬೇಕಾದರೆ ಜಗಲಿಗೆ ಬಂದು ನಿಂತು, ಕಾಣುವ ಐದು ವಸ್ತುಗಳ ಹೆಸರು ಮನಸ್ಸಲ್ಲೇ ಹೇಳಿ. ಆಮೇಲೆ ಕೇಳುವ ಮೂರು ಸದ್ದು. ತಂಬಿಗೆ ತಣ್ಣೀರು ಮುಖಕ್ಕೆ.

ಓದದೆ ಇಟ್ಟ ನೋಟೀಸು

ಅಪ್ಪನ ಆಪರೇಷನ್ ಆದ ವಾರವೇ ಒಂದು ಕಚೇರಿಯಿಂದ ನೋಟೀಸು ಬಂತು. ಮಲಯಾಳದಲ್ಲಿತ್ತು. ನಾನು ಕನ್ನಡ ಮೀಡಿಯಂನಲ್ಲಿ ಓದಿದವನು, ಮಲಯಾಳ ಮಾತಾಡಲು ಬರುತ್ತದೆ, ಅಕ್ಷರ ಕೂಡಿಸಿ ಓದಬಲ್ಲೆ, ಆದರೆ ಕಚೇರಿಯ ಭಾಷೆ ತಲೆಗೆ ಹೋಗುವುದಿಲ್ಲ. 1956ರಲ್ಲಿ ಈ ಊರು ಕೇರಳಕ್ಕೆ ಸೇರಿದಾಗಿನಿಂದ ಇಲ್ಲಿನ ಕನ್ನಡದವರ ಮನೆಮನೆಯಲ್ಲಿ ಇರುವ ಕಷ್ಟ ಇದು. ನೋಟೀಸಿನಲ್ಲಿ ಒಂದು ತಾರೀಕು, ಒಂದು ಮೊತ್ತ ಮಾತ್ರ ಅರ್ಥವಾಯಿತು. ಜಪ್ತಿ ನೋಟೀಸೇ ಇರಬೇಕು ಅಂದುಕೊಂಡೆ. ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡವನು ಮೂರು ದಿನ ಯಾರಿಗೂ ತೋರಿಸಲಿಲ್ಲ. ಬೆವರಿಗೆ ಕಾಗದದ ಮಡಿಕೆ ಹರಿಯುವಷ್ಟು ಮೆತ್ತಗಾಗಿತ್ತು. ನಾಲ್ಕನೇ ದಿನ ಅಣ್ಣನ ಮಗಳು ಎರಡು ನಿಮಿಷದಲ್ಲಿ ಓದಿ ಹೇಳಿದಳು, "ಚಿಕ್ಕಪ್ಪ, ತೆರಿಗೆ ಕಟ್ಟಿದ ರಶೀದಿಯ ಕಾಪಿ ಕೊಡಿ ಅಂತ ಬರೆದಿದ್ದಾರೆ, ಅಷ್ಟೇ."

ಆ ಮೂರು ದಿನ ನನ್ನನ್ನು ತಿಂದದ್ದು ನೋಟೀಸಲ್ಲ, ಅದರಲ್ಲಿ ಏನಿರಬಹುದು ಅನ್ನುವ ನನ್ನ ಊಹೆ. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಹೆದರಿಸುವ ಕಾಗದ, ಟೆಸ್ಟ್ ರಿಪೋರ್ಟ್, ಫೋನ್ ಕರೆ ಯಾವುದೇ ಇರಲಿ, ಅದರಲ್ಲಿ ನಿಜವಾಗಿ ಏನಿದೆ ಅಂತ ಅದೇ ದಿನ ತಿಳಿದುಕೊಳ್ಳುವುದು. ಓದಿ ಹೇಳುವವರ ಹೆಸರು ಮೊದಲೇ ಗೊತ್ತಿರಲಿ. ಕೆಟ್ಟ ಸುದ್ದಿಯೇ ಆದರೂ ಅದಕ್ಕೆ ಒಂದು ತಾರೀಕು, ಒಂದು ಮೊತ್ತ, ಒಂದು ದಾರಿ ಇರುತ್ತದೆ. ಊಹೆಗೆ ಮಿತಿ ಇರುವುದಿಲ್ಲ.

ಮನಸ್ಸಲ್ಲಿ ಇರುವುದನ್ನೆಲ್ಲ ಒಂದು ಹಳೆ ನೋಟ್‌ಬುಕ್ಕಿನಲ್ಲಿ ಬರೆದು ಎರಡು ಪಾಲು ಮಾಡಿ. ನನ್ನ ಕೈಯಲ್ಲಿ ಏನಾದರೂ ಮಾಡಲು ಆಗುವುದು ಒಂದು ಕಡೆ, ಆಗದೇ ಇರುವುದು ಇನ್ನೊಂದು ಕಡೆ. ಅಡಿಕೆ ರೇಟು ನನ್ನ ಕೈಯಲ್ಲಿಲ್ಲ. ಸೊಸೈಟಿಗೆ ಹೋಗಿ ಕಂತಿನ ದಿನ ಮುಂದೆ ಹಾಕಲು ಆಗುತ್ತದಾ ಅಂತ ಕೇಳುವುದು ನನ್ನ ಕೈಯಲ್ಲಿದೆ. ಮೊದಲ ಪಾಲಿನಲ್ಲಿ ದಿನಕ್ಕೆ ಒಂದೇ ಒಂದು ಕೆಲಸ ಮಾಡಿ, ಸಣ್ಣದಾದರೂ ಸರಿ. ಎರಡನೇ ಪಾಲಿಗೆ ಬೇಕಾದದ್ದು ಬೇರೆ, ಅಳುವುದು, ಮಾತಾಡುವುದು, ಭಜನೆಗೆ ಹೋಗುವುದು, ನಡೆಯುವುದು. 1984ರಲ್ಲಿ ಲಾಜರಸ್ ಮತ್ತು ಫೋಕ್‌ಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದೇ ವ್ಯತ್ಯಾಸವನ್ನು ವಿವರಿಸಿದ್ದರು, ಸಮಸ್ಯೆಯನ್ನು ಹಿಡಿಯುವುದು ಒಂದು, ಸಮಸ್ಯೆಯಿಂದ ಬಂದ ಸಂಕಟವನ್ನು ಹಿಡಿಯುವುದು ಇನ್ನೊಂದು. ಎರಡೂ ಬೇಕು. ಸಾಲಕ್ಕೆ ಬರೀ ಪ್ರಾರ್ಥನೆ ಸಾಲದು. ಸಾವಿಗೆ ಪ್ಲ್ಯಾನ್ ಹಾಕಿ ಪ್ರಯೋಜನ ಇಲ್ಲ, ಅಲ್ಲಿ ದುಃಖ ಪಡಲೇಬೇಕು.

ಈ ಮಾತು ಹೇಳುವಾಗ ನನಗೆ ನಮ್ಮ ಎಣ್ಮಕಜೆಯ ಕಡೆಯ ಎಂಡೋಸಲ್ಫಾನ್ ಬಾಧಿತ ಮನೆಗಳು ನೆನಪಾಗುತ್ತವೆ. ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷ ಅದು. ಎದ್ದು ಕೂರಲಾಗದ ಮಗುವನ್ನು ಇಪ್ಪತ್ತು ಮೂವತ್ತು ವರ್ಷ ಎತ್ತಿ ಎತ್ತಿ ಸಾಕಿದ ತಾಯಂದಿರು ಅಲ್ಲಿದ್ದಾರೆ. ಅಂಥವರ ಮುಂದೆ ಕೂತು 4 ಎಣಿಸಿ ಉಸಿರು ಎಳೆಯಿರಿ ಅಂತ ಹೇಳಿ ಎದ್ದು ಬಂದರೆ ಅದು ಅನ್ಯಾಯ. ಅವರಿಗೆ ಬೇಕಾದದ್ದು ಪೆನ್ಷನ್, ಚಿಕಿತ್ಸೆ, ಮತ್ತು ವಾರಕ್ಕೆ ಎರಡು ಗಂಟೆ "ನೀವು ಸ್ವಲ್ಪ ಮಲಗಿ ಅಕ್ಕ, ಮಗನ ಹತ್ತಿರ ನಾನು ಕೂರುತ್ತೇನೆ" ಅನ್ನುವ ಒಬ್ಬರು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಎಲ್ಲರಿಗೂ ಈ ಮಾತು ಸೇರುತ್ತದೆ. ನೀವೇ ನೋಡಿಕೊಳ್ಳುವವರಾದರೆ, ಸಹಾಯ ಕೇಳಲು ನಾಚಬೇಡಿ. ಸುಮ್ನೆ "ಸಹಾಯ ಬೇಕು" ಅನ್ನುವ ಬದಲು "ಗುರುವಾರ ಹತ್ತರಿಂದ ಹನ್ನೆರಡರವರೆಗೆ ಬರಲು ಆಗುತ್ತದಾ" ಅಂತ ಕೇಳಿ. ಆಗ ಜನ ಬರುತ್ತಾರೆ.

ಯೋಚನೆಗೆ ಒಂದು ಹೊತ್ತು, ನಿದ್ದೆಗೆ ಒಂದು ಹೊತ್ತು

ರಾತ್ರಿ ಮಲಗಿದ ಕೂಡಲೇ ಲೆಕ್ಕ ಶುರುವಾಗುತ್ತದೆ, ಅಲ್ವಾ? ಅದಕ್ಕೆ ಒಂದು ಉಪಾಯ ಇದೆ. ಸಂಜೆ ಐದೂವರೆಯಿಂದ ಆರರವರೆಗೆ, ಬರೀ ಚಿಂತೆ ಮಾಡಲು ಅಂತಲೇ ಒಂದು ಹೊತ್ತು ಇಟ್ಟುಕೊಳ್ಳಿ. ಒಂದೇ ಜಾಗದಲ್ಲಿ ಕೂತು, ಬೇಕಾದರೆ ಬರೆಯುತ್ತ, ಪೂರ್ತಿ ಚಿಂತೆ ಮಾಡಿ. ಬೇರೆ ಹೊತ್ತಲ್ಲಿ ಯೋಚನೆ ಬಂದರೆ ಒಂದು ಶಬ್ದ ಬರೆದಿಟ್ಟು, "ನಿನ್ನ ಹೊತ್ತು ಐದೂವರೆಗೆ" ಅಂತ ಹೇಳಿ ಕೈಯಲ್ಲಿದ್ದ ಕೆಲಸಕ್ಕೆ ಬನ್ನಿ. ಕೇಳಲು ವಿಚಿತ್ರ ಅನಿಸಬಹುದು. 1980ರ ದಶಕದಿಂದ ಮನಶ್ಶಾಸ್ತ್ರಜ್ಞರು ಹೇಳಿಕೊಡುತ್ತಿರುವ ಕ್ರಮ ಇದು. ನನಗೆ ಮೊದಲ ವಾರ ಏನೂ ಆಗಲಿಲ್ಲ. ಎರಡನೇ ವಾರದಲ್ಲಿ ಐದೂವರೆಗೆ ಕೂತರೆ ಬರೆದಿಟ್ಟದ್ದರಲ್ಲಿ ಅರ್ಧ ಆಗಲೇ ಹಳೆಯದಾಗಿರುತ್ತಿತ್ತು.

ಬರೆಯುವುದು ಇನ್ನೊಂದು ರೀತಿಯಲ್ಲೂ ಸಹಾಯ ಮಾಡುತ್ತದೆ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ 4 ದಿನ, ದಿನಕ್ಕೆ 15 ನಿಮಿಷ, ಮನಸ್ಸಿಗೆ ಅತಿ ನೋವಾದ ವಿಷಯ ಬರೆಯಲು ಹೇಳಿದ್ದರು. ವ್ಯಾಕರಣ ನೋಡಬೇಡಿ, ಯಾರಿಗೂ ತೋರಿಸಬೇಡಿ, ಮುಗಿದ ಮೇಲೆ ಒಲೆಗೆ ಹಾಕಿ. ಬರೆದ ಹೊತ್ತಿಗೆ ಮನಸ್ಸು ಇನ್ನೂ ಭಾರ ಆಗಬಹುದು, ಅದು ಸಹಜ. ಆದರೆ ಪೆಟ್ಟು ತೀರಾ ಹೊಸದಾಗಿದ್ದರೆ ಇದು ಬೇಡ, ಸ್ವಲ್ಪ ದಿನ ಹೋಗಲಿ.

ನಿದ್ದೆಯ ವಿಷಯ ಬೇಗ ಹೇಳುತ್ತೇನೆ. ಏಳುವ ಹೊತ್ತು ದಿನಾ ಒಂದೇ ಇರಲಿ. ಮಧ್ಯಾಹ್ನ ಮೂರರ ಮೇಲೆ ಚಹಾ, ಕಾಫಿ ಬೇಡ, ಕುಡಿದ ಕೆಫೀನಿನ ಅರ್ಧದಷ್ಟು ಐದು ಗಂಟೆ ಕಳೆದರೂ ರಕ್ತದಲ್ಲಿ ಇರುತ್ತದೆ. ಮದ್ಯ ಕುಡಿದರೆ ನಿದ್ದೆ ಬರುತ್ತದೆ ಅನ್ನುವವರು ಇದ್ದಾರೆ, ಬರುವುದು ನಿಜ, ಆದರೆ ನಡುರಾತ್ರಿಯ ನಂತರದ ನಿದ್ದೆಯನ್ನು ಮದ್ಯವೇ ಕೆಡಿಸುತ್ತದೆ, ಮರುದಿನ ಮಂಡೆಬಿಸಿ ಎರಡು ಪಾಲು. ವಾಟ್ಸಾಪ್ ಗುಂಪುಗಳಲ್ಲಿ ಅಡಿಕೆ ರೇಟು, ಹಳದಿ ರೋಗ, ಎಲೆಚುಕ್ಕಿ ರೋಗ ಅಂತ ರಾತ್ರಿ ಹತ್ತಕ್ಕೆ ಬರುವ ಸುದ್ದಿಯನ್ನು ಬೆಳಿಗ್ಗೆ ನೋಡಿದರೆ ಯಾವ ನಷ್ಟವೂ ಇಲ್ಲ. ಇಪ್ಪತ್ತು ನಿಮಿಷ ಹೊರಳಾಡಿಯೂ ನಿದ್ದೆ ಬಾರದಿದ್ದರೆ ಎದ್ದು ಜಗಲಿಯಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಮಲಗಿ.

ಹಾಜಿಯವರು ಬಂದದ್ದು

ಇಷ್ಟೆಲ್ಲ ಹೇಳಿದರೂ ನನ್ನನ್ನು ನಿಜವಾಗಿ ಎತ್ತಿದ್ದು ಉಸಿರೂ ಅಲ್ಲ, ನೋಟ್‌ಬುಕ್ಕೂ ಅಲ್ಲ. ಪಕ್ಕದ ತೋಟದ ಹಾಜಿಯವರು. ನಾನು ನಾಲ್ಕು ದಿನ ಗೇಟಿನ ಹೊರಗೆ ಕಾಣಲಿಲ್ಲ ಅಂತ ಒಂದು ಬೆಳಿಗ್ಗೆ ಬಂದು ಜಗಲಿಯಲ್ಲಿ ಕೂತರು. "ಎಂತ ಮಾರಾಯ, ಸೌಖ್ಯ ಇಲ್ವಾ?" ಅಂದರು. ನಾನು ಏನೂ ಇಲ್ಲ ಅಂದೆ. ಅವರು ಬುದ್ಧಿ ಹೇಳಲಿಲ್ಲ. ಚಹಾ ಕುಡಿದು, "ಸುರಂಗದಲ್ಲಿ ಮಣ್ಣು ತುಂಬಿದೆ ಅಂತ ಕಾಣುತ್ತದೆ, ನೀರು ಸಪೂರ ಬರುತ್ತಾ ಉಂಟು, ಒಮ್ಮೆ ನೋಡುವ ಬಾ" ಅಂತ ಎಬ್ಬಿಸಿಕೊಂಡು ಹೋದರು.

ನಮ್ಮ ಕಡೆಯ ಸುರಂಗ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಒಳಗಿನ ಒರತೆಯನ್ನು ಹಿಡಿಯುವುದು, ಪಂಪಿಲ್ಲದೆ ನೀರು ತಾನೇ ಹರಿದು ಬರುತ್ತದೆ. ಒಬ್ಬರು ಬಗ್ಗಿ ನಡೆಯುವಷ್ಟೇ ಜಾಗ. ಹಾಜಿಯವರು ಟಾರ್ಚ್ ಹಿಡಿದು ಮುಂದೆ, ನಾನು ಹಾರೆ, ಬುಟ್ಟಿ ಹಿಡಿದು ಹಿಂದೆ. ಒಳಗೆ ತಂಪು, ಮಣ್ಣಿನ ವಾಸನೆ, ಗೋಡೆಯಿಂದ ತೊಟ್ಟು ತೊಟ್ಟು ಬೀಳುವ ಸದ್ದು. ಎರಡು ಗಂಟೆ ಕೆಸರು ಹೊತ್ತು ಹಾಕಿದೆವು. ಕೊನೆಗೆ ಬೆರಳು ಗಾತ್ರದಲ್ಲಿ ಬರುತ್ತಿದ್ದ ನೀರು ಮುಂಗೈ ಗಾತ್ರ ಆಯಿತು. ಹೊರಗೆ ಬಂದು ಕೆಸರು ಕಾಲಿನಲ್ಲೇ ಕಲ್ಲಿನ ಮೇಲೆ ಕೂತಾಗ ನಾನಾಗಿಯೇ ಎಲ್ಲ ಹೇಳಿದೆ. ಸಾಲ, ಅಪ್ಪ, ಆ ರಾತ್ರಿಯ ಹೆದರಿಕೆ. ಅವರು ಹೂಂಗುಟ್ಟುತ್ತ ಕೇಳಿದರು. ಪರಿಹಾರ ಹೇಳಲಿಲ್ಲ. ಏಳುವಾಗ "ನಾಳೆಯೂ ಬಾ" ಅಂದರು. ಆ ರಾತ್ರಿ ನಾನು ಆರು ಗಂಟೆ ನಿದ್ದೆ ಮಾಡಿದೆ.

ಹವಾಯಿಯ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸಿದ್ದರು. ಬಡತನ, ಕುಡಿತ, ಮನೆಯ ಜಗಳ, ಎಲ್ಲ ಕಷ್ಟದ ನಡುವೆ ಬೆಳೆದ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬದುಕು ಕಟ್ಟಿಕೊಂಡರು. ಅವರಲ್ಲಿ ಮತ್ತೆ ಮತ್ತೆ ಕಂಡ ಒಂದು ಸಂಗತಿ, ಅಜ್ಜಿಯೋ, ಟೀಚರೋ, ನೆರೆಯವರೋ, ಗಟ್ಟಿಯಾಗಿ ಜೊತೆಗೆ ನಿಂತ ಒಬ್ಬರಾದರೂ ಇದ್ದರು. ಮನಸ್ಸು ಗಟ್ಟಿ ಅನ್ನುವುದು ಒಬ್ಬನೇ ಹಲ್ಲು ಕಚ್ಚಿ ತಡೆಯುವುದಲ್ಲ ಅಂತ ನಾನು ನಂಬುವುದು ಇದಕ್ಕೇ.

ಆ ಒಬ್ಬರನ್ನೂ ಮಳೆಗೆ ಮೊದಲೇ ಸಂಪಾದಿಸಿಕೊಳ್ಳಬೇಕು. ನನ್ನ ಅಜ್ಜಿ ಆಟಿಗೆ ಬೇಕು ಅಂತ ಮೇ ತಿಂಗಳಲ್ಲೇ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿಡುತ್ತಿದ್ದರು, ಹಪ್ಪಳ ಒಣಗಿಸಿ ಡಬ್ಬಿಗೆ ತುಂಬುತ್ತಿದ್ದರು. ಹಾಗೆ, ಏನೂ ಕಷ್ಟ ಇಲ್ಲದ ದಿನಗಳಲ್ಲೇ ಹೋಗಿ ಬಂದು ಮಾಡಿ. ಗೃಹಪ್ರವೇಶಕ್ಕೆ ಮಾತ್ರ ಅಲ್ಲ, ಸುಮ್ನೆ ಹೋಗಿ. ಗಲ್ಫಿನಲ್ಲಿ ಇರುವವರು ವಾರಕ್ಕೊಮ್ಮೆ ದುಡ್ಡಿನ ಮಾತಿಲ್ಲದೆ ಹೆಂಡತಿ ಹತ್ತಿರ ಅರ್ಧ ಗಂಟೆ ಮಾತಾಡಿ. ಮನಸ್ಸಿಲ್ಲದಿದ್ದರೂ ಊರಿನ ತಾಳಮದ್ದಳೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ಮನಸ್ಸು ಸರಿಯಾದ ಮೇಲೆ ಹೊರಡುತ್ತೇನೆ ಅಂತ ಕಾದರೆ ಹೊರಡುವುದೇ ಇಲ್ಲ, ಹೊರಟ ಮೇಲೆಯೇ ಮನಸ್ಸು ಸ್ವಲ್ಪ ಸರಿಯಾಗುವುದು.

ಮತ್ತು ನೀವು ಬೇರೆಯವರ ಮನೆಗೆ ಹಾಜಿಯವರ ಹಾಗೆ ಹೋದಾಗ, "ನಿನಗಿಂತ ಕಷ್ಟದವರು ಇದ್ದಾರೆ" ಅನ್ನಬೇಡಿ. "ಎಲ್ಲ ಸರಿಯಾಗುತ್ತದೆ" ಅಂತಲೂ ಬೇಡ. ಕೇಳಿ, ಒಂದು ಕೆಲಸಕ್ಕೆ ಕೈ ಹಾಕಿ.

ಯಾವಾಗ ಡಾಕ್ಟರು

ಎರಡು ವಾರ ದಾಟಿಯೂ ನಿದ್ದೆ, ಊಟ ಸರಿಯಾಗದಿದ್ದರೆ, ಇಷ್ಟದ ಕೆಲಸವೂ ಬೇಡ ಅನಿಸಿದರೆ, ಕುಡಿತ ಜಾಸ್ತಿಯಾದರೆ, ಗಾಬರಿ ಮತ್ತೆ ಮತ್ತೆ ಬಂದರೆ, ಮೇಲೆ ಹೇಳಿದ ಅಭ್ಯಾಸಗಳನ್ನು ನಂಬಿ ಕೂರಬೇಡಿ. ನಾನೂ ಆರು ತಿಂಗಳು ಮಾತ್ರೆ ತೆಗೆದುಕೊಂಡೆ, ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವವರನ್ನು ಹುಚ್ಚ ಅನ್ನುತ್ತೇವಾ? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಕೇಳಿದರೆ ಸರಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಯಾವ ದಿನ, ಎಲ್ಲಿ ಅಂತ ಹೇಳುತ್ತಾರೆ.

ಫೋನಿನಲ್ಲಿ ಮಾತಾಡಲು ಕೇಂದ್ರ ಸರಕಾರದ ಟೆಲಿ ಮಾನಸ್ ಇದೆ, 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, 20 ಭಾಷೆಗಳಲ್ಲಿ ಮಾತಾಡುತ್ತಾರೆ, ಕನ್ನಡವೂ ಮಲಯಾಳವೂ ಅದರಲ್ಲಿವೆ. ನಮ್ಮಂಥವರಿಗೆ ಇದು ದೊಡ್ಡ ವಿಷಯ, ಸಂಕಟವನ್ನು ಬೇರೆ ಭಾಷೆಗೆ ತಿರುಗಿಸಿ ಹೇಳುವುದು ಎಷ್ಟು ಕಷ್ಟ ಅಂತ ಗಡಿಯಲ್ಲಿ ಇರುವವರಿಗೇ ಗೊತ್ತು. ಕೇರಳದ ದಿಶಾ ಸಹಾಯವಾಣಿ 1056.

ಮನೆಯವರಲ್ಲಿ ಯಾರಾದರೂ "ನಾನು ಇದ್ದು ಪ್ರಯೋಜನ ಇಲ್ಲ" ಅನ್ನುವ ಧಾಟಿಯಲ್ಲಿ ಮಾತಾಡಿದರೆ ಸುತ್ತಿ ಬಳಸಿ ಕೇಳಬೇಡಿ. "ಸಾಯಬೇಕು ಅಂತ ಅನಿಸುತ್ತಾ ಉಂಟಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಲು ಒಂದು ಬಾಗಿಲು ಸಿಗುತ್ತದೆ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ತೋಟದ ಮದ್ದು, ಕೀಟನಾಶಕ ಎಲ್ಲ ಕೈಗೆ ಸಿಗದ ಹಾಗೆ ಬೇರೆ ಮನೆಗೆ ಸಾಗಿಸಿ, ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ತುರ್ತು ಇದ್ದರೆ 112.

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ತೂಗುತ್ತದೆ. ಅದರ ಕೆಳಗೆ ಮದ್ದು ಬಿಡುವವರ ನಂಬರು, ಲೈನ್‌ಮ್ಯಾನ್ ನಂಬರು, ಜೀಪಿನವರ ನಂಬರು ಪೆನ್ನಲ್ಲಿ ಬರೆದಿದೆ. ಈ ವರ್ಷ ಹೊಸ ಕ್ಯಾಲೆಂಡರ್ ಹಾಕಿದಾಗ ಮಗಳು 14416 ಅನ್ನೂ ಅದೇ ಸಾಲಿನಲ್ಲಿ ಬರೆದಿದ್ದಾಳೆ. ನಿಮ್ಮ ಮನೆಯಲ್ಲೂ ಇವತ್ತೇ ಬರೆದಿಡಿ.